ಇಳಿಜಾರಿನ ತರಗತಿ

ಛತ್ರಪತಿ ಸಂಭಾಜಿನಗರದ ಖಾಸಗಿ ವಿಶ್ವವಿದ್ಯಾಲಯವೊಂದಕ್ಕೆ ವಾಸ್ತುಶಿಲ್ಪಿ ಉಮಾಶ್ರೀ ಹೊಸ ಮಾದರಿಯ ತರಗತಿಯೊಂದನ್ನು ವಿನ್ಯಾಸ ಮಾಡಿಕೊಟ್ಟಳು. ವಿದ್ಯಾರ್ಥಿಗಳು ಗುಂಪಾಗಿ ಕೂತು ಒಬ್ಬರಿಂದೊಬ್ಬರು ಕಲಿಯಬೇಕೆಂಬುದು ಉದ್ದೇಶ. ಹಾಗಾಗಿ ವೇದಿಕೆ ಇಲ್ಲ, ಬೆಂಚಿಲ್ಲ; ಕುರ್ಚಿ ಮೇಜುಗಳಿಗೆಲ್ಲ ಗಾಲಿ.

ಮೊದಲ ಪಾಠ ಅರ್ಥಶಾಸ್ತ್ರದ ಗುರುಲಿಂಗಪ್ಪನವರದು. ಬೀದರಿನವರು, ಉಮಾಶ್ರೀಯ ತಂದೆಯ ಗೆಳೆಯರು. ಅವರು ಬೋರ್ಡಿನ ಮೇಲೆ ‘ಡಿಮಾಂಡ್’ ಎಂದು ಬರೆದು ತಿರುಗುವಷ್ಟರಲ್ಲಿ ತರಗತಿಯೆಲ್ಲ ಕೂತಲ್ಲಿಂದಲೇ ಮೆಲ್ಲಗೆ ಬಾಗಿಲ ಕಡೆ ಹೊರಟಿತ್ತು. ಅವರು ಗಾಬರಿಯಿಂದ ಫೋನ್ ಮಾಡಿದರು.

“ಉಮಾ, ನಿನ್ನ ಕ್ಲಾಸು ಹೊಂಟದವ್ವಾ!”

“ಎಲ್ಲಿಗ್ರಿ ಕಾಕಾ?”

“ಕ್ಯಾಂಟೀನ್ ಕಡಿಗಿ!”

ಓಡಿಬಂದು ನೋಡಿದರೆ, ತೊಳೆದ ನೀರು ಹೊರಗೆ ಹೋಗಲೆಂದು ಗುತ್ತಿಗೆದಾರ ಬಚ್ಚಲಿನಂತೆ ನೆಲವನ್ನು ಇಳಿಜಾರು ಮಾಡಿದ್ದ. ಅದನ್ನು ಸರಿಪಡಿಸುವ ಮೊದಲೇ ತಪಾಸಣಾ ಸಮಿತಿ ಬಂತು. ಆ ಹೊತ್ತಿಗೆ ವಿದ್ಯಾರ್ಥಿಗಳು ಜಾರದಿರಲು ಒಬ್ಬರ ಕುರ್ಚಿಯನ್ನೊಬ್ಬರು ಹಿಡಿದುಕೊಳ್ಳುವುದನ್ನು ಕಲಿತಿದ್ದರು. ಎಲ್ಲರಿಗಿಂತ ಮುಂದಿದ್ದವನು ಬಾಗಿಲ ಚೌಕಟ್ಟಿಗೆ ಕಾಲು ಕೊಟ್ಟಿದ್ದ. ತಾವೂ ಒಂದು ಕುರ್ಚಿಯಲ್ಲಿ ಕೂತು ಅವರ ನಡುವೆ ಸಿಕ್ಕಿಕೊಂಡ ಗುರುಲಿಂಗಪ್ಪನವರು ಅಲ್ಲಿಂದಲೇ ಪಾಠ ಹೇಳುತ್ತಿದ್ದರು. ಸಮಿತಿಯ ಅಧ್ಯಕ್ಷರ ಕಣ್ಣು ತುಂಬಿಬಂತು. “ಯಾರೂ ಯಾರನ್ನೂ ಬಿಟ್ಟುಕೊಡುತ್ತಿಲ್ಲ!” ಎಂದರು. ವಿಶ್ವವಿದ್ಯಾಲಯ ನಾಶಿಕ್‌ನಲ್ಲಿ ಕಟ್ಟುತ್ತಿದ್ದ ಇನ್ನೊಂದು ಕ್ಯಾಂಪಸ್ಸಿನ ಎಲ್ಲ ಕೋಣೆಗಳಿಗೂ ಇದೇ ನೆಲ ಹಾಕಬೇಕೆಂದು ಆದೇಶವಾಯಿತು.

ಉಮಾಶ್ರೀ ಕುಲಪತಿಗಳ ಬಳಿ ಹೋಗಿ, ಇದು ತಪ್ಪಿನಿಂದ ಆದದ್ದು ಎಂದಳು.

“ಮೇಡಂ, ಇಷ್ಟೊಂದು ವಿನಯ ಬೇಡ,” ಎಂದು ಅವರು ಹೂಗುಚ್ಛ ಕೊಟ್ಟು ಕಳಿಸಿದರು.

ಕೊನೆಗೆ ಅವಳು ಗುರುಲಿಂಗಪ್ಪನವರನ್ನೇ ಕೇಳಿಕೊಂಡಳು. “ಕಾಕಾ, ಇಲ್ಲಿ ಕಲಿಸಾಕ ಆಗೂದಿಲ್ಲ ಅಂತ ನೀವರ ಹೇಳ್ರಿ.”

ಅವರು ತಲೆ ಕೆರೆದುಕೊಂಡರು. “ಹ್ಯಾಂಗ ಹೇಳ್ಲವ್ವಾ? ವೇದಿಕೆ ಮ್ಯಾಲ ನಿಂತು ಕಲಿಸಿದಾಗ ಒಬ್ಬರೂ ಬಾಯಿ ತೆಗೀತಿರಲಿಲ್ಲ. ಈಗ ನನ್ನ ಕುರ್ಚಿ ಹಿಡಕೊಂಡು ಕೂಡ್ತಾರ. ಹಿಡಕೊಂಡ ಮ್ಯಾಲ ಏನರ ಕೇಳಲೇಬೇಕಲ್ಲ, ಕೇಳ್ತಾರ. ನಿನ್ನೆ ಒಬ್ಬಾಕಿ ನಂದೇ ಲೆಕ್ಕ ತಪ್ಪು ಅದ ಅಂತ ತೋರಿಸಿದ್ಳು. ಭಾಳ ಖುಷಿ ಆತು ನನಗ.”

ಉಮಾಶ್ರೀಗೆ ನಗು ಬಂತು, ಸಿಟ್ಟೂ ಬಂತು. ಮರುವಾರ ನಾಶಿಕ್‌ಗೆ ಹೋದಳು. ಅಲ್ಲಿನ ನೆಲ ಕನ್ನಡಿಯಂತೆ ಸಮವಾಗಿತ್ತು. ಅದನ್ನು ಒಡೆಯಲು ಆಳುಗಳು ಕಾದು ನಿಂತಿದ್ದರು.

“ಇಳಿಜಾರು ಬಾಗಿಲ ಕಡೆಗೇನಾ, ಮೇಡಂ?” ಎಂದು ಅಲ್ಲಿಯ ಗುತ್ತಿಗೆದಾರ ಮರಾಠಿಯಲ್ಲಿ ಕೇಳಿದ.

ಅವಳು ಖಾಲಿ ಕೋಣೆಯ ಸುತ್ತ ಒಮ್ಮೆ ನಡೆದು ಬಂದಳು.

“ಬೇಡ. ನಾಲ್ಕೂ ಗೋಡೆಯಿಂದ ನಡುವಿಗೆ ಇಳಿಯಲಿ.”

ಅವನು ಆಳುಗಳಿಗೆ ಹಾರೆ ಎತ್ತಲು ಹೇಳಿದ.