ಮುರುಗೆಪ್ಪನ ಬೆನ್ನು

ಏಕನಾಥ ಶೇಠ ನಕ್ಕ ಅಂದ್ರ ಯಾರದೋ ಹೊಟ್ಟಿ ಮ್ಯಾಲ ಹೊಡಿಯಾಂವ ಇದ್ದಾನ ಅಂತನ ತಿಳೀಬೇಕು. ಅವನ ಕಂಪನಿಯೊಳಗ ನೆಲದಾಗಿನ ಕೇಬಲ್ ಜೋಡಿಸಿ ಜೋಡಿಸಿ ತಲಿ ಬೆಳ್ಳಗ ಮಾಡ್ಕೊಂಡಿದ್ದ ಮುರುಗೆಪ್ಪಗ ಇದು ಛಲೋ ಗೊತ್ತಿತ್ತು. ಈಗ ನೋಡಿದ್ರ, ವಾಕಡ ಬಡಾವಣಿಯೊಳಗ ಬೀದಿದೀಪ ಹಾಕೋ ಠೇಕಾ ಪಾಲಿಕೆಯಿಂದ ಸಿಕ್ಕ ಕೂಡ್ಲೆ ಶೇಠ ಹಲ್ಲು ಕಿಸಕೊಂಡು ಒಂದು ಹುಡುಗೀನ ತಂದು ಮುಂದ ನಿಲ್ಲಿಸಿದ. ನೀತಾ ಅಂತ, ಅಲ್ಲೇ ಬಾಜೂಕಿನ ನಿಗಡಿಯಾಕಿ, ಐಟಿಐ ಮುಗಿಸಿದಾಕಿ, ಮೂಲ ಬೆಳಗಾವಿ ಕಡೆ ಮಂದಿ.

"ಠೇಕಾ ಹಿಡದವರು ಅಪ್ರೆಂಟಿಸ್ ಇಟ್ಕೊಂಡು ಕೆಲಸ ಕಲಿಸಲೇಬೇಕು ಅಂತ ಪಾಲಿಕೆ ಷರತ್ತು ಹಾಕೇದ. ಇಕಿಗೆ ನೀನ ಕಲಸು," ಅಂತ ಶೇಠ ಮರಾಠಿಯೊಳಗ ಹೇಳಿದ.

ಷರತ್ತಂತ ಷರತ್ತು. ಮುರುಗೆಪ್ಪ ಆ ಮಾತನ್ನ ನಂಬಲಿಲ್ಲ. ಚಾದಾಗಿನ ಸಕ್ರಿಗೂ ಕಣ್ಣಿಡೋ ಮನಷ್ಯಾ ಸುಮ್ಮಸುಮ್ಮನ ಯಾರಿಗಾದ್ರೂ ಕೆಲಸ ಕಲಿಸ್ತಾನೇನು? ಹುಡುಗಿ ಕೈಗೆ ಕೆಲಸ ಹತ್ತಿದ್ದ ತಡ, ಅರ್ಧ ಪಗಾರದಾಗ ಆಕೀನ ಇಟ್ಕೊಂಡು, ಮುದುಕಾ ನೀ ಮನೀಗೆ ನಡಿ ಅಂತಾನ.

ಹಂಗಂತ ಕಲಿಸೂದಿಲ್ಲ ಅಂತ ಬಾಯಿಬಿಟ್ಟು ಹೇಳಾಕ ಬರ್ತದೇನು? ಕೇಬಲ್ ಸಿಪ್ಪಿ ಸುಲಿಯೂದು, ತಂತಿ ಸೇರಿಸಿ ಒತ್ತೂದು, ಎಲ್ಲಾ ತೋರಿಸಿದ. ಟೇಪು ಸುತ್ತೋ ಹೊತ್ತು ಬಂತಂದ್ರ ಮಾತ್ರ ಕೇಬಲ್ ಸಲುವಾಗಿ ಅಗದ ಗುಂಡಿಯೊಳಗ ಬೆನ್ನು ತಿರುಗಿಸಿ ಕೂತುಬಿಡಾಂವ. ಮರ್ಮ ಎಲ್ಲಾ ಅಲ್ಲೇ ಇರೋದು. ಟೇಪನ್ನ ಜಗ್ಗಿ ಹಿಡಿದು, ಹಿಂದಿನ ಸುತ್ತು ಅರ್ಧ ಮುಚ್ಚೂವಂಗ ಸುತ್ತದಿದ್ರ ಮೊದಲ ಮಳೀಗೇ ನೀರು ಹೊಕ್ಕು ಓಣಿಯೆಲ್ಲಾ ಕತ್ತಲಿ.

"ಯಾಕ ಕಾಕಾ, ಆ ಕಡೆ ತಿರುಗ್ತೀರಿ?" ಅಂತ ನೀತಾ ಒಮ್ಮೆ ಕೇಳಿದ್ಲು.

"ಧೂಳು ಬೇ. ರಸ್ತೆ ಧೂಳು ತಾಗಿದ್ರ ಟೇಪು ಹಿಡಿಯಂಗಿಲ್ಲ." ಬಾಯಿಗೆ ಬಂದದ್ದು ಹೇಳಿದ.

ಹುಡುಗಿ ಹೌದ್ರಿ ಅಂದ್ಲು. ಇಷ್ಟು ಲಗೂನ ಒಪ್ಪಿದ್ಲಲ್ಲ ಅಂತ ಅದಕ್ಕೂ ಮುರುಗೆಪ್ಪಗ ಸಂಶಯ. ಶೇಠಗ ಚಾಡಿ ಹೇಳೋ ಪೈಕಿ ಇರಬೇಕು ಇಕಿ ಅಂದ್ಕೊಂಡ. ಆಕಿ ತನ್ನ ಡಬ್ಬಿಯೊಳಗಿನ ಶೇಂಗಾ ಚಟ್ನಿ ಕೊಟ್ರೂ ಅದರಾಗ ಏನೋ ಹುನ್ನಾರ ಕಾಣ್ತಿತ್ತು. ಚಟ್ನಿ ಮಾತ್ರ ಬಿಡಲಿಲ್ಲ.

ಮಳಿಗಾಲದ ಮುಂದ ಪಾಲಿಕೆ ಇಂಜಿನಿಯರ್ ಮಾಧುರಿ ಮೇಡಮ್ ಬಂದ್ರು, ಹುಡುಗಿ ಏನು ಕಲಿತಾಳ ನೋಡಾಕ. ಶೇಠ ಅವತ್ತು ನಗಲಿಲ್ಲ. ಮುರುಗೆಪ್ಪನ್ನ ಬಾಜೂಕ್ಕ ಕರೆದು, "ಇಕಿ ಪಾಸ್ ಆದ್ರ ಮುಂದಿನ ಠೇಕಾದಾಗೂ ಕಲಿಸಾಂವ ನೀನ. ಆಗಲಿಲ್ಲಂದ್ರ ಈ ಠೇಕಾನೂ ಹೋಗ್ತದ, ನೀನೂ ಮನೀಗೆ," ಅಂದ. ಅಂದ್ರ ಷರತ್ತು ಖರೇನ ಇತ್ತು.

ನೀತಾ ಗುಂಡಿಗೆ ಇಳಿದ್ಲು. ಸಿಪ್ಪಿ ಸುಲಿದ್ಲು, ತಂತಿ ಸೇರಿಸಿ ಒತ್ತಿದ್ಲು. ಮೇಡಮ್ ಮಾರಿ ಮ್ಯಾಲ ಸಮಾಧಾನ. ಆಮ್ಯಾಲ ಆಕಿ ಟೇಪು ತಗೊಂಡು ಎಲ್ಲಾರಿಗೂ ಬೆನ್ನು ಮಾಡಿ ತಿರುಗಿ ಕೂತ್ಲು, ಥೇಟ್ ಮುರುಗೆಪ್ಪನಂಗ.

"ಇದೇನಿದು?" ಅಂದ್ರು ಮೇಡಮ್.

"ಇಲ್ಲಿ ಹಿಂಗ ತಿರುಗಬೇಕ್ರಿ ಮೇಡಮ್. ನಮ್ಮ ಕಾಕಾ ಯಾವಾಗಲೂ ತಿರುಗ್ತಾರ. ಧೂಳು ತಾಗಬಾರದ್ರಿ."

ಮೇಡಮ್ ಬಗ್ಗಿ ಉಗುರಿನಿಂದ ಟೇಪು ಎಬ್ಬಿಸಿದ್ರು. ಸಡಲ ಸುತ್ತಿದ್ದು ಬಿಚ್ಚಿಕೊಂಡು ಬಂತು. ಅವರು ನೀತಾನ ನೋಡಲಿಲ್ಲ, ಮುರುಗೆಪ್ಪನ್ನ ನೋಡಿದ್ರು. ಅವನಿಗೆ ನಾಚಿಕಿಂದ ಮಾರಿ ಎತ್ತಾಕ ಆಗಲಿಲ್ಲ. "ಸಂಜಿಗೆ ಮತ್ತ ಬರ್ತೀನಿ. ಇನ್ನೊಮ್ಮೆ ಮಾಡಿ ತೋರಸ್ರಿ," ಅಂದು ಅವರು ಹೊರಟ್ರು.

ಮುರುಗೆಪ್ಪ ಗುಂಡಿಗೆ ಇಳಿದ. ನೀತಾನ ಕಣ್ಣಾಗ ನೀರು. "ನಾ ಏನು ತಪ್ಪು ಮಾಡಿದೆ ಕಾಕಾ?"

"ನೀ ಏನೂ ಮಾಡಿಲ್ಲವ್ವಾ. ಬಾ, ಎದುರಿಗೆ ಕೂಡು. ನನ್ನ ಕೈ ನೋಡು."

ಹುಡುಗಿ ಕೂಡಲಿಲ್ಲ. ರಸ್ತಿಯಾಗ ನೀರಿನ ಟ್ಯಾಂಕರ್ ಒಂದು ಧೂಳೆಬ್ಬಿಸಿಕೊಂಡು ಬರ್ತಿತ್ತು. ಆಕಿ ತನ್ನ ಓಢಣಿ ಬಿಚ್ಚಿ ಆ ಕಡೆ ಅಡ್ಡ ಹಿಡಿದು ನಿಂತ್ಲು.

"ಧೂಳು ನಾ ತಡೀತೀನಿ. ನೀವು ಇತ್ತ ತಿರುಗಿ ಆರಾಮ ಸುತ್ರಿ ಕಾಕಾ."

ಮುರುಗೆಪ್ಪ ಇತ್ತ ತಿರುಗಿ ಟೇಪು ಕೈಗೆ ತಗೊಂಡ. ಟೇಪಿನ ತುದಿ ಎಲ್ಲಿ ಅದ ಅಂತ ಹುಡುಕಿದ್ರೂ ತುಂಬಿದ ಕಣ್ಣಿಗೆ ಕಾಣಲಿಲ್ಲ.