ಕೌದಿ ಕದ್ದವರು ಯಾರು?

ಹೊರಗೆ ಹರವಿದ ಬಟ್ಟೆ ಕಾಣೆಯಾಗುವುದು ಯಾವ ಊರಿಗೂ ಹೊಸದಲ್ಲ. ಬಟ್ಟೆ ಕಾಣೆಯಾದ ಕೂಡಲೇ ಯಾವುದೋ ಒಂದು ಮನೆಯ ಹೆಸರು ಎಲ್ಲರ ಬಾಯಿಗೂ ಬರುವುದು ಕೂಡ ಹೊಸದಲ್ಲ. ಅಲಬಾಮಾದ ಪೈನ್‌ಲೀ ಎಂಬ ಸಣ್ಣ ಪಟ್ಟಣದಲ್ಲಿ 1968ರ ವಸಂತದಲ್ಲಿ ನಡೆದದ್ದು ಇದೇ.

ಆರ್ಲೀತಾ ಮಿಮ್ಸ್ ತನ್ನ ತಾಯಿ ಹೊಲಿದ ಕೌದಿಯನ್ನು ಬಿಸಿಲಿಗೆ ಹಾಕಿದ್ದಳು. ಹಳೆಯ ಅಂಗಿ, ಹಿಟ್ಟಿನ ಚೀಲ, ಹರಿದ ಮೇಲುಡುಪುಗಳ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿ ಅದು. ಮಧ್ಯಾಹ್ನ ತೆಗೆಯಲು ಹೋದಾಗ ಹಗ್ಗ ಖಾಲಿಯಾಗಿತ್ತು. ಹಿತ್ತಲಿನ ಆಚೆ ಒಂದು ಕಾಲುದಾರಿ ಇತ್ತು. ಹೊಳೆಯ ಪಕ್ಕದ ತಗ್ಗಿನಲ್ಲಿ ವಾಸಿಸುವ ಟೇಟ್ ಮನೆಯವರು ಅದರಲ್ಲೇ ಓಡಾಡುತ್ತಿದ್ದರು. ಟೇಟ್‌ಗಳು ಆರ್ಲೀತಾಳಂತೆಯೇ ಕಪ್ಪು ಜನ. ಆದರೆ ಊರಿನ ಕಪ್ಪು ಜನರೂ ಅವರನ್ನು ಒಂದು ಮೆಟ್ಟಿಲು ಕೆಳಗೇ ಇಟ್ಟಿದ್ದರು. ಅವರ ಮನೆಯ ಗಂಡಸರು ಕುಡಿಯುತ್ತಾರೆ, ಮಕ್ಕಳು ಶಾಲೆ ಬಿಟ್ಟಿದ್ದಾರೆ, ಕೈ ಸ್ವಚ್ಛವಿಲ್ಲ ಎಂಬ ಮಾತಿತ್ತು. ಆರ್ಲೀತಾ ಯಾರನ್ನೂ ಕೇಳಲಿಲ್ಲ. ಭಾನುವಾರ ಚರ್ಚಿನ ಅಂಗಳದಲ್ಲಿ ನಾಲ್ಕು ಜನರಿಗೆ ಹೇಳಿದಳು. ಉಳಿದವರಿಗೆ ಆ ನಾಲ್ವರು ಹೇಳಿದರು.

ಅದಾದ ಸ್ವಲ್ಪ ದಿನಕ್ಕೆ ಪೇಟೆಯ ಮೇವು-ಹಿಂಡಿ ಅಂಗಡಿಯ ಬೀಗ ಮುರಿದು ಯಾರೋ ನೀರೆತ್ತುವ ಪಂಪನ್ನು ಹೊತ್ತೊಯ್ದರು. ಅಂಗಡಿ ಬಿಳಿಯರದು. ಪೊಲೀಸರು ಮರುದಿನವೇ ಹದಿನೇಳು ವರ್ಷದ ಡೆಲ್ಮಾರ್ ಟೇಟ್‌ನನ್ನು ಹಿಡಿದು ಒಳಗೆ ಹಾಕಿದರು. ತಪ್ಪಿತಸ್ಥನೆಂದು ತೀರ್ಮಾನವಾದರೆ ದೊಡ್ಡವರ ಜೈಲಿನಲ್ಲಿ ವರ್ಷಗಟ್ಟಲೆ ಕಳೆಯಬೇಕಿತ್ತು. ಆರ್ಲೀತಾಳ ಬೀದಿಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಕೌದಿ ಬಿಡದವರು ಪಂಪು ಬಿಡ್ತಾರಾ ಎಂದು ಜನ ಮಾತನಾಡಿಕೊಂಡರು.

ಅದೇ ವಾರ ಆರ್ಲೀತಾಳಿಗೆ ನ್ಯಾಯಾಲಯದಿಂದ ಸಮನ್ಸು ಬಂತು. ಡೆಲ್ಮಾರ್‌ನ ವಿಚಾರಣೆಯ ದಿನ ಜ್ಯೂರಿಗೆ ಹಾಜರಾಗಬೇಕಿತ್ತು. ಊರಿನ ಹನ್ನೆರಡು ಜನ ಕುಳಿತು, ಎರಡೂ ಕಡೆಯ ಮಾತು ಕೇಳಿ, ಆರೋಪಿ ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಹೇಳುವ ಪದ್ಧತಿ ಅದು. ಆ ಹನ್ನೆರಡು ಕುರ್ಚಿಗಳಲ್ಲಿ ಪೈನ್‌ಲೀಯ ಜನ ಯಾವಾಗಲೂ ಬಿಳಿಯ ಗಂಡಸರನ್ನೇ ನೋಡಿದ್ದರು. ಹೆಂಗಸರಿಗೆ ಆ ಕುರ್ಚಿ ಸಿಕ್ಕಿ ಹೆಚ್ಚು ಕಾಲವಾಗಿರಲಿಲ್ಲ. ಕಪ್ಪು ಜನರ ಹೆಸರುಗಳು ಆಗಷ್ಟೇ ಪಟ್ಟಿ ಸೇರತೊಡಗಿದ್ದವು.

ಗಂಡ ಎಜೆಲ್ ಕಾಗದವನ್ನು ಓದಿ ಮಡಚಿ ಉಪ್ಪಿನ ಡಬ್ಬಿಯ ಕೆಳಗೆ ಇಟ್ಟ. ಅವನು ಸಾಮಿಲ್‌ನಲ್ಲಿ ಗರಗಸದ ಯಂತ್ರ ನಡೆಸುತ್ತಿದ್ದ. ಮಿಲ್ಲಿನ ಯಜಮಾನ ಮೇವಿನ ಅಂಗಡಿಯವನ ಅಣ್ಣ.

"ಹುಷಾರಿಲ್ಲ ಅಂತ ಹೇಳಿ ಕಳಿಸು" ಎಂದ ಎಜೆಲ್. "ನೀನು ಹೋಗಿ ಕೂತ್ರೂ ಅವರು ಮಾಡೋದನ್ನೇ ಮಾಡ್ತಾರೆ. ನೀನು ಅಲ್ಲಿ ಹೂವಿನ ಕುಂಡದ ಥರ ಇರ್ತೀಯ. ಇಲ್ಲಿ ನನ್ನ ಕೆಲಸ ಹೋಗುತ್ತೆ."

ಆರ್ಲೀತಾಳಿಗೂ ಹೋಗುವ ಮನಸ್ಸಿರಲಿಲ್ಲ. ಆ ಹುಡುಗ ಮಾಡಿರುವುದೇ ನಿಜ, ತಾನು ಹೋಗಿ ಆಗಬೇಕಾದ್ದೇನು ಎಂಬುದು ಅವಳ ಲೆಕ್ಕ.

ಶನಿವಾರ ಅವಳು ಕೂದಲು ಮಾಡಿಸಿಕೊಳ್ಳಲು ಮೊಜೆಲ್‌ಳ ಮನೆಗೆ ಹೋದಳು. ಮೊಜೆಲ್ ತನ್ನ ಅಡುಗೆಮನೆಯಲ್ಲೇ ಹೆಂಗಸರ ಕೂದಲು ನೇರ ಮಾಡುತ್ತಿದ್ದಳು. ಅವಳ ಗಿರಾಕಿಗಳೆಲ್ಲ ಕಪ್ಪು ಹೆಂಗಸರು. ಆದ್ದರಿಂದ ಅವಳನ್ನು ಕೆಲಸದಿಂದ ತೆಗೆಯಬಲ್ಲ ಯಜಮಾನ ಯಾರೂ ಇರಲಿಲ್ಲ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕೆಲಸಕ್ಕೆ ಊರೂರು ತಿರುಗಿ, ಕಾನೂನು ತಿಳಿದವರ ತರಗತಿಗಳಲ್ಲಿ ಕುಳಿತು ಬಂದವಳು ಅವಳು. ಒಲೆಯ ಮೇಲೆ ಕಾಯಿಸಿದ ಕಬ್ಬಿಣದ ಬಾಚಣಿಗೆ ಕಿವಿಯ ಪಕ್ಕದಲ್ಲಿರುವಾಗ ಅವಳಿಗೆ ಎದುರು ಮಾತನಾಡುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಅವಳು ಮುಖ್ಯವಾದದ್ದನ್ನೆಲ್ಲ ಹೇಳುತ್ತಿದ್ದುದು ಆಗಲೇ.

"ಸಮನ್ಸು ಬಂದಿದೆಯಂತೆ" ಎಂದಳು ಮೊಜೆಲ್.

"ಬಂದಿದೆ ಮೊಜೆಲಕ್ಕ. ಎಜೆಲ್ ಬೇಡ ಅಂತಾನೆ."

"ಅಲ್ಲಾಡಬೇಡ, ಸುಟ್ಟೀತು. ಎಜೆಲ್ ಬೇಡ ಅಂದ್ರೆ ನ್ಯಾಯಾಧೀಶರಿಗೆ ಬೇಡ ಅಂದ ಹಾಗಾ? ಅದು ಮದುವೆಯ ಕರೆಯೋಲೆ ಅಲ್ಲ ಕಣೇ, ಆಜ್ಞೆ. ಹೋಗದಿದ್ರೆ ತಪ್ಪು ನಿನ್ನದು. ಸೋಮವಾರ ಆ ಕಾಗದ ಹಿಡ್ಕೊಂಡು ಎಜೆಲ್ಲೇ ಯಜಮಾನನ ಹತ್ತಿರ ಹೋಗಲಿ. ಬೇರೆಯವರ ಬಾಯಿಂದ ಕೇಳೋದಕ್ಕಿಂತ ಮೊದಲು ಯಜಮಾನ ಅವನ ಬಾಯಿಂದಲೇ ಕೇಳಲಿ."

ಆಮೇಲೆ ಅವಳು ಜ್ಯೂರಿಯನ್ನು ಆರಿಸುವ ಕ್ರಮವನ್ನು ವಿವರಿಸಿದಳು. ಬಂದವರ ಹೆಸರುಗಳಲ್ಲಿ ತಮಗೆ ಬೇಡವಾದವರನ್ನು ಎರಡೂ ಕಡೆಯ ವಕೀಲರು ಹೊಡೆದುಹಾಕಬಹುದು. ಆದರೆ ಹಾಗೆ ಹೊಡೆಯುವುದಕ್ಕೂ ಒಂದು ಮಿತಿ ಇದೆ. ನಮ್ಮವರು ಇಬ್ಬರೇ ಹೋದರೆ ಸರಕಾರಿ ವಕೀಲ ಇಬ್ಬರನ್ನೂ ಹೊಡೆದು ಕೈ ತೊಳೆದುಕೊಳ್ಳುತ್ತಾನೆ. ಕರೆ ಬಂದವರೆಲ್ಲರೂ ಹೋದರೆ ಅವನ ಪಾಲು ಮುಗಿದ ಮೇಲೂ ಯಾರಾದರೂ ಉಳಿಯುತ್ತಾರೆ.

"ಅದಕ್ಕೇ ನಾನು ಮನೆಮನೆಗೆ ಹೋಗ್ತಿದ್ದೀನಿ" ಎಂದಳು. "ಮನೇಲಿ ಕೂತ ಪ್ರತಿಯೊಬ್ಬರೂ ಅವನ ಕೆಲಸ ಹಗುರ ಮಾಡ್ತಾರೆ."

"ಆದರೆ ಆ ಹುಡುಗ ಕದ್ದಿರೋದು ನಿಜ ಅಲ್ವಾ?" ಎಂದಳು ಆರ್ಲೀತಾ. "ನನ್ನ ಕೌದಿ ಎಲ್ಲಿ ಹೋಯ್ತು ಹೇಳು ನೋಡೋಣ."

ಮೊಜೆಲ್ ಬಾಚಣಿಗೆಯನ್ನು ಒಲೆಯ ಮೇಲಿಟ್ಟಳು. "ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ" ಎಂದಷ್ಟೇ ಹೇಳಿದಳು.

ಆರ್ಲೀತಾಳಿಗೆ ಆ ಮಾತು ಹಿಡಿಸಲಿಲ್ಲ. ಮನೆಗೆ ಬಂದು ಅಲಸಂದೆ ಬೇಯಲಿಟ್ಟು, ಮೊಜೆಲ್ ಎಲ್ಲರಿಗೂ ಪಾಠ ಹೇಳುತ್ತಾಳೆ ಎಂದು ಗೊಣಗುತ್ತಿದ್ದಳು. ಆಗ ಹದಿಮೂರು ವರ್ಷದ ಮಗಳು ಕೋರಾ ಹಿತ್ತಲಿನಿಂದ ಕರೆದಳು. ಅಲ್ಲಿನ ಮನೆಗಳು ಇಟ್ಟಿಗೆಯ ಕಂಬಗಳ ಮೇಲೆ ನಿಂತಿರುತ್ತವೆ, ಕೆಳಗೆ ತೆವಳಿಕೊಂಡು ಹೋಗುವಷ್ಟು ಜಾಗವಿರುತ್ತದೆ. ಗಬ್ಬವಾಗಿದ್ದ ಅವರ ನಾಯಿ ಕೆಲವು ದಿನಗಳಿಂದ ಅಲ್ಲಿಂದ ಹೊರಬರುತ್ತಿರಲಿಲ್ಲ. ಕೋರಾ ದೀಪ ಹಿಡಿದು ಒಳಗೆ ನುಸುಳಿದ್ದಳು. ಹೊರಬಂದಾಗ ಅವಳ ಮೊಣಕೈಗಳೆಲ್ಲ ಕೆಂಪು ಮಣ್ಣಾಗಿದ್ದವು.

"ಮರಿ ಹಾಕಿದೆ ಅಮ್ಮ. ಅಜ್ಜಿಯ ಕೌದಿಯ ಮೇಲೆ."

ಎಜೆಲ್ ಬಗ್ಗಿ ನೋಡಿ, ಎದ್ದು, ಟೊಪ್ಪಿಗೆ ತೆಗೆದ. ಕೋರಾ ತಾಯಿಯ ಮುಖವನ್ನೇ ನೋಡುತ್ತಿದ್ದಳು. ದೊಡ್ಡವರು ಹೇಳುವುದೆಲ್ಲ ನಿಜ ಎಂದು ಅವಳು ಆ ದಿನದವರೆಗೆ ನಂಬಿದ್ದಳು.

"ಅಮ್ಮ, ಅವರು ಡೆಲ್ಮಾರನ್ನ ಜೈಲಿಗೆ ಹಾಕೋಕೆ ಮುಂಚೆ ನಾವೇ ಹಾಕಿಬಿಟ್ಟಿದ್ವಿ" ಎಂದಳು.

ಆರ್ಲೀತಾ ಒಳಗೆ ಹೋಗಿ ಉಪ್ಪಿನ ಡಬ್ಬಿಯ ಕೆಳಗಿನಿಂದ ಕಾಗದ ತೆಗೆದಳು. ಎಜೆಲ್ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. ಯಜಮಾನನಿಗೆ ತಾನೇ ತೋರಿಸುತ್ತೇನೆ ಎಂದ. ಅವನ ದನಿಯಲ್ಲಿ ಭಯ ಹೋಗಿರಲಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಅವನು ಹಾಗೆಯೇ ಮಾಡಿದ.

ನ್ಯಾಯಾಲಯದ ದಿನ ಒಂದು ತಪ್ಪಾಯಿತು. ಅದು ಆ ಊರಿನ ಕಪ್ಪು ಜನರು ಮಾತ್ರ ಮಾಡಬಹುದಾದ ತಪ್ಪು. ಅವರು ಹುಟ್ಟಿದಾಗಿನಿಂದ ನ್ಯಾಯಾಲಯಕ್ಕೆ ಹೋದಾಗಲೆಲ್ಲ ಕಟ್ಟಡದ ಪಕ್ಕದ ಮೆಟ್ಟಿಲು ಹತ್ತಿ ಮೇಲಿನ ಗ್ಯಾಲರಿಯಲ್ಲಿ ಕೂರುತ್ತಿದ್ದರು. ಕೆಳಗಿನ ಬೆಂಚುಗಳು ಬಿಳಿಯರದಾಗಿದ್ದವು. ಕಾನೂನು ಬದಲಾಗಿತ್ತು, ಕಾಲುಗಳು ಬದಲಾಗಿರಲಿಲ್ಲ. ಆರ್ಲೀತಾ, ಅವಳ ಜೊತೆ ಬಂದ ಕೋರಾ, ಅವಳಂತೆಯೇ ಸಮನ್ಸು ಬಂದಿದ್ದ ಮುದುಕ ಪರ್ವಿಸ್, ಮೊಜೆಲ್ ಕರೆತಂದ ಉಳಿದವರು ಎಲ್ಲರೂ ಯೋಚಿಸದೆ ಆ ಮೆಟ್ಟಿಲನ್ನೇ ಹತ್ತಿ ಸಾಲಾಗಿ ಕುಳಿತರು. ಸ್ವತಃ ಮೊಜೆಲ್ ಕೂಡ ಗಮನಿಸಲಿಲ್ಲ.

ಕೆಳಗೆ ಗುಮಾಸ್ತ ಹೆಸರು ಕರೆಯತೊಡಗಿದ. "ಆರ್ಲೀತಾ ಮಿಮ್ಸ್" ಎಂದ. ಅವಳು ಮೇಲಿನಿಂದ ಉತ್ತರ ಕೊಟ್ಟಳು. ಅವನು ಕತ್ತು ಎತ್ತದೆ ಗೈರುಹಾಜರು ಎಂದು ಗುರುತು ಹಾಕಿ ಮುಂದಿನ ಹೆಸರಿಗೆ ಹೋದ. ಪರ್ವಿಸ್‌ನ ಹೆಸರಿಗೂ ಹಾಗೆಯೇ ಆಯಿತು. ಆಗ ಕೋರಾ ತಾಯಿಯ ತೋಳು ಹಿಡಿದು, ಅಮ್ಮ, ನಾವು ತಪ್ಪು ಜಾಗದಲ್ಲಿ ಕೂತಿದ್ದೀವಿ ಎಂದಳು.

ಆರ್ಲೀತಾ ಎದ್ದಳು. ಆ ಮೆಟ್ಟಿಲು ಕಟ್ಟಡದ ಹೊರಗೇ ಇಳಿಯುತ್ತಿತ್ತು. ಒಳಗಿನಿಂದ ಕೆಳಗೆ ಬರಲು ದಾರಿ ಇರಲಿಲ್ಲ. ಅವಳು ಹೊರಗಿಳಿದು, ಅಂಗಳ ಸುತ್ತಿ, ಮುಂಬಾಗಿಲಿನಿಂದ ಒಳಗೆ ಬಂದಳು. ಹಿಂದೆ ಪರ್ವಿಸ್ ಊರುಗೋಲು ಊರುತ್ತ ಬಂದ. ಅವನ ಹಿಂದೆ ಉಳಿದವರೆಲ್ಲ ಬಂದರು. ಬೆಂಚುಗಳಲ್ಲಿದ್ದವರು ತಿರುಗಿ ನೋಡಿದರು. ಆರ್ಲೀತಾ ಗುಮಾಸ್ತನ ಮೇಜಿನ ಮುಂದೆ ನಿಂತಳು.

"ನನ್ನ ಹೆಸರು ಆಗಲೇ ಕರೆದಿರಿ ಸ್ವಾಮಿ. ನಾನು ಬಂದಿದ್ದೀನಿ."

ಗುಮಾಸ್ತ ನ್ಯಾಯಾಧೀಶರ ಕಡೆ ನೋಡಿದ. ನ್ಯಾಯಾಧೀಶರು ಗುರುತು ಅಳಿಸುವಂತೆ ಹೇಳಿದರು.

ಸರಕಾರಿ ವಕೀಲ ಕಪ್ಪು ಜನರ ಹೆಸರುಗಳನ್ನು ಒಂದೊಂದಾಗಿ ಹೊಡೆಯುತ್ತ ಹೋದ. ಅವನ ಪಾಲು ಮುಗಿದಾಗಲೂ ಇಬ್ಬರು ಉಳಿದಿದ್ದರು, ಪರ್ವಿಸ್ ಮತ್ತು ಆರ್ಲೀತಾ. ಆರೋಪಿಯ ಬಗ್ಗೆ ಮೊದಲೇ ಏನಾದರೂ ಅಭಿಪ್ರಾಯವಿದೆಯೇ ಎಂದು ನ್ಯಾಯಾಧೀಶರು ಕೇಳಿದ್ದರು. ಅವಳು ಸುಳ್ಳು ಹೇಳಿರಲಿಲ್ಲ.

"ಇತ್ತು ಸ್ವಾಮಿ. ಕೆಟ್ಟ ಅಭಿಪ್ರಾಯವೇ ಇತ್ತು. ಅದಕ್ಕೆ ಆಧಾರ ಇರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಇಲ್ಲಿ ಕಿವಿಗೆ ಬಿದ್ದದ್ದರ ಮೇಲೆ ಮಾತ್ರ ಹೇಳ್ತೀನಿ."

ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ಪಂಪು ಎಲ್ಲೂ ಸಿಕ್ಕಿರಲಿಲ್ಲ. ಅಂಗಡಿಯ ಕಾವಲುಗಾರ ತಾನು ಕಳ್ಳನ ಬೆನ್ನನ್ನು ಮಾತ್ರ ನೋಡಿದೆ ಎಂದ. ಮುಖ ಕಾಣಲಿಲ್ಲ, ಆದರೆ ಟೇಟ್ ಮನೆಯವರ ನಡಿಗೆ ತನಗೆ ಗೊತ್ತು ಎಂದ. ಮಗ ಆ ರಾತ್ರಿ ಮನೆಯಲ್ಲೇ ಇದ್ದ ಎಂದು ತಾಯಿ ಇನೆಲ್ ಹೇಳಿದಳು. ಬೆಂಚುಗಳಲ್ಲಿ ಯಾರೋ ನಕ್ಕರು.

ಹನ್ನೆರಡು ಜನ ಒಳಕೋಣೆಗೆ ಹೋದರು. ಔಷಧಿ ಅಂಗಡಿಯ ವಾಲ್ಡ್ರಪ್ ಅವರ ಮುಖ್ಯಸ್ಥ. ಬೇಗ ಮುಗಿಸಿ ಮನೆಗೆ ಹೋಗೋಣ ಎಂದು ಅವನು ಕೈ ಎತ್ತಿಸಿದಾಗ ಹತ್ತು ಕೈಗಳು ತಪ್ಪಿತಸ್ಥ ಎಂದು ಎದ್ದವು. ಎಲ್ಲರೂ ಒಂದೇ ಮಾತಿಗೆ ಬಾರದೆ ತೀರ್ಪಾಗುವಂತಿರಲಿಲ್ಲ.

"ಪಂಪು ಯಾರ ಹತ್ತಿರ ಸಿಕ್ತು?" ಎಂದು ಆರ್ಲೀತಾ ಕೇಳಿದಳು.

ಸಿಗಲಿಲ್ಲ ಎಂದ ವಾಲ್ಡ್ರಪ್.

"ಮುಖ ಯಾರು ನೋಡಿದ್ರು?"

ಯಾರೂ ಇಲ್ಲ.

"ಹಾಗಾದ್ರೆ ನಮ್ಮ ಹತ್ತಿರ ಇರೋದೇನು?"

ಕೋಳಿ ಸಾಕುವ ಬಿಳಿಯ ಹೆಂಗಸು, ಸಗ್ಸ್ ಎಂಬವಳು, ಮೇಜಿನ ತುದಿಯಿಂದ ನಿಧಾನವಾಗಿ, "ನಡಿಗೆ" ಎಂದಳು. ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ವಿಚಿತ್ರವಾಗಿ ಕೇಳಿಸಿರಬೇಕು. ಅವಳು ಕೈಯನ್ನು ಮಡಿಲಿಗೆ ಎಳೆದುಕೊಂಡಳು.

ಆಗ ಆರ್ಲೀತಾ ಕೌದಿಯ ವಿಷಯ ಹೇಳಿದಳು. ತಾನು ಚರ್ಚಿನ ಅಂಗಳದಲ್ಲಿ ಆಡಿದ ಮಾತುಗಳನ್ನು ಬಿಡದೆ ಹೇಳಿದಳು. ನಾಯಿಮರಿಗಳನ್ನೂ ಬಿಡಲಿಲ್ಲ. ಸುಲಭವಾಗಿ ಏನೂ ಆಗಲಿಲ್ಲ. ಒಬ್ಬಾತ, ನಿನ್ನ ನಾಯಿಗೂ ಅಂಗಡಿಯ ಬೀಗಕ್ಕೂ ಏನು ಸಂಬಂಧ ಎಂದು ಹಂಗಿಸಿದ. ಸಂಬಂಧವಿಲ್ಲ, ಡೆಲ್ಮಾರ್‌ಗೂ ಆ ಬೀಗಕ್ಕೂ ಸಂಬಂಧ ತೋರಿಸಿ ಎಂದು ಪರ್ವಿಸ್ ಶಾಂತವಾಗಿ ಕೇಳಿದ. ಸಗ್ಸ್ ಮೊದಲು ಮನಸ್ಸು ಬದಲಿಸಿದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ತಪ್ಪಿತಸ್ಥನಲ್ಲ ಎಂಬುದಕ್ಕೆ ಕೊನೆಯವನೂ ತಲೆಯಾಡಿಸಿದ. ಡೆಲ್ಮಾರ್ ಟೇಟ್ ಮುಂಬಾಗಿಲಿನಿಂದಲೇ ಮನೆಗೆ ಹೋದ.

ಇದಕ್ಕೆ ಬೆಲೆ ಇರಲಿಲ್ಲ ಎಂದಲ್ಲ. ಮಿಲ್ಲಿನಲ್ಲಿ ಎಜೆಲ್‌ನನ್ನು ಯಂತ್ರದಿಂದ ತೆಗೆದು ದಿಮ್ಮಿ ಹೊರುವ ಕೆಲಸಕ್ಕೆ ಹಾಕಿದರು. ಅವನು ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಹೆಂಡತಿಯನ್ನು ಜಡ್ಜಮ್ಮ ಎಂದು ಕರೆದು ಗೇಲಿ ಮಾಡುತ್ತಿದ್ದ. ಆದರೆ ಚಳಿಗಾಲದಲ್ಲಿ ಸಮನ್ಸು ಅವನ ಹೆಸರಿಗೇ ಬಂದಾಗ ಹೊಸ ಅಂಗಿ ತೊಟ್ಟು ಹೋಗಿ ಕೆಳಗಿನ ಬೆಂಚಿನ ಮೊದಲ ಸಾಲಿನಲ್ಲೇ ಕುಳಿತ.

ತೀರ್ಪು ಬಂದ ಮೊದಲ ಭಾನುವಾರ ಆರ್ಲೀತಾ ಗೆಣಸಿನ ಸಿಹಿ ಮಾಡಿಕೊಂಡು ಕೋರಾಳೊಂದಿಗೆ ಹೊಳೆಯ ತಗ್ಗಿಗೆ ಹೋದಳು. ಇನೆಲ್ ಬಾಗಿಲಲ್ಲೇ ನಿಂತು, ಕೂರಿ ಎನ್ನದೆ ಕೇಳಿಸಿಕೊಂಡಳು. ಕೌದಿ ಕದ್ದವರು ನೀವೇ ಎಂದು ಹೇಳಿಕೊಂಡು ತಿರುಗಿದೆ, ಅದನ್ನು ಎಳೆದುಕೊಂಡು ಹೋದದ್ದು ನಮ್ಮದೇ ನಾಯಿ ಎಂದು ಆರ್ಲೀತಾ ಹೇಳಿ ಮುಗಿಸಿದಳು.

"ನನಗೆ ಗೊತ್ತು" ಎಂದಳು ಇನೆಲ್. "ಅವತ್ತು ಒಗೆಯೋ ಬಟ್ಟೆ ಹೊತ್ಕೊಂಡು ನಿಮ್ಮ ಹಿತ್ತಲ ದಾರೀಲಿ ಬರ್ತಿದ್ದೆ. ನಾಯಿ ಎಳೀತಿದ್ದದ್ದು ನಾನೇ ನೋಡಿದೆ."

"ಮತ್ತೆ ಯಾಕೆ ಹೇಳಲಿಲ್ಲ ಇನೆಲಕ್ಕ?"

"ನೀವು ಕೇಳಲಿಲ್ಲ."

ಆಮೇಲೆ ಅವಳು ಸಿಹಿಯ ತಟ್ಟೆ ತೆಗೆದುಕೊಂಡು, ಬಾಗಿಲಿನಿಂದ ಸರಿದು ಜಾಗ ಬಿಟ್ಟಳು.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಊರಿನಲ್ಲಿಯೂ ಏನು ಕಳೆದರೂ ಮೊದಲು ಬಾಯಿಗೆ ಬರುವ ಮನೆ ಒಂದಿದೆ. ಅದು ಯಾವುದೆಂದು ನಿಮಗೆ ಈಗಲೇ ನೆನಪಾಗಿರಬಹುದು. ಮುಂದಿನ ಸಲ ಆ ಹೆಸರು ನಾಲಗೆಯ ತುದಿಗೆ ಬಂದಾಗ ನೋಡಿದವರು ಯಾರು, ಏನು ನೋಡಿದರು ಎಂದು ಕೇಳಿ. ಆ ಮನೆಗೇ ಹೋಗಿ ಕೇಳಿ. ಗ್ರಾಮಸಭೆಯಿರಲಿ, ಶಾಲೆಯ ಸಮಿತಿಯಿರಲಿ, ಸಾಕ್ಷಿ ಕಟ್ಟೆಯಿರಲಿ, ಇನ್ನೊಬ್ಬರ ಬದುಕು ತೀರ್ಮಾನವಾಗುವ ಕಡೆಗೆ ನಿಮಗೆ ಕರೆ ಬಂದರೆ ತಪ್ಪದೆ ಹೋಗಿ. ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ಹೋದ ಮೇಲೆ ಅಭ್ಯಾಸಬಲದಿಂದ ಹಿಂದೆ, ಮೇಲೆ, ಗೋಡೆಯ ಪಕ್ಕ ನಿಲ್ಲಬೇಡಿ. ಮುಂಬಾಗಿಲಿನಿಂದ ಒಳಗೆ ಹೋಗಿ ನಿಮ್ಮ ಕುರ್ಚಿಯಲ್ಲಿ ಕುಳಿತುಕೊಳ್ಳಿ.