ಬಕೆಟ್ ಆಂಟಿಯ ಸಮಸ್ಯೆ

ಆ ವಿಶ್ವವಿದ್ಯಾಲಯದಲ್ಲಿ ಒಂದು ಸಂಘವಿತ್ತು. ವಿದ್ಯಾರ್ಥಿಗಳನ್ನು ಉದ್ಯಮಿಗಳನ್ನಾಗಿ ಮಾಡಲು ವಿದ್ಯಾರ್ಥಿಗಳೇ ಕಟ್ಟಿಕೊಂಡದ್ದು. ಉದ್ಯಮ ಶುರುಮಾಡುವ ಮೊದಲು ಯಾರದಾದರೂ ಒಂದು ಸಮಸ್ಯೆ ಹುಡುಕಬೇಕೆಂಬುದು ಸಂಘದ ನಿಯಮ. ಊರೆಲ್ಲ ಅಲೆದು ಹುಡುಕಲು ಯಾರಿಗೆ ಪುರುಸೊತ್ತು? ಸಂಘದ ಕೋಣೆ ಇದ್ದದ್ದು ಮೂರನೇ ಮಹಡಿಯಲ್ಲಿ. ಬಾಗಿಲು ತೆರೆದರೆ ಸಾಕು, ಎರಡು ಬಕೆಟ್ ನೀರು ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುವ ಅಕ್ಕ ಸಿಗುತ್ತಿದ್ದಳು. ಸಮಸ್ಯೆ ತಾನಾಗಿಯೇ ಹೊಸ್ತಿಲಿಗೆ ಬಂದು ನಿಂತಂತಾಯಿತು.

ಅವಳ ಜೊತೆ ಗುಡಿಸಿ ಒರೆಸುವ ಕೆಲಸದವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ಸಂಘದವರು ಇಟ್ಟ ಹೆಸರು ಬಕೆಟ್ ಆಂಟಿ. ಆ ಮಹಡಿಯಲ್ಲಿ ಹನಿ ನೀರಿಲ್ಲ. ಕೆಳಗಿನ ನಲ್ಲಿಯಲ್ಲಿ ಹಿಡಿದು ಅರವತ್ತಾರು ಮೆಟ್ಟಿಲು ಹತ್ತಬೇಕು, ದಿನಕ್ಕೆ ಆರು ಸಲ. ಅವಳ ಬಲಭುಜ ಸೋತುಹೋಗಿತ್ತು. ತಲೆ ಬಾಚಿಕೊಳ್ಳಲೂ ಕೈ ಮೇಲೇಳದು. ಬೆಳಗ್ಗೆ ಮಗಳೇ ಬಾಚಿ ಜಡೆ ಹಾಕಬೇಕು. ಇನ್ನೂ ಭಾರ ಎತ್ತಿದರೆ ಈ ಕೈಯ ಆಸೆ ಬಿಟ್ಟುಬಿಡಿ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಅಕ್ಕನಿಗೆ ಬೇಕಿದ್ದದ್ದು ಮೂರನೇ ಮಹಡಿಗೆ ಒಂದು ನಲ್ಲಿ, ಅಷ್ಟೇ.

ನಾಲ್ಕು ವರ್ಷದಿಂದ, ವರ್ಷಕ್ಕೆ ಹತ್ತು ತಂಡ ಅವಳ ಮುಂದೆ ಬಂದು ಕೂತವು.

“ಆಂಟಿ, ಒಂದರಿಂದ ಹತ್ತರೊಳಗೆ ಒಂದು ಅಂಕಿ ಹೇಳಿ. ನೋವು ಎಷ್ಟಿದೆ?”

“ನನ್ನ ಭುಜ ಸ್ಕೂಲಿಗೆ ಹೋಗಿಲ್ಲಪ್ಪಾ, ಅದಕ್ಕೆ ಅಂಕಿ ಗೊತ್ತಿಲ್ಲ. ಇಲ್ಲೊಂದು ನಲ್ಲಿ ಹಾಕ್ಸಿ.”

ಪಟಪಟ ಬರೆಯುತ್ತಿದ್ದ ಪೆನ್ನು ಅಲ್ಲಿಗೆ ನಿಲ್ಲುತ್ತಿತ್ತು.

“ನಲ್ಲಿ ಉದ್ಯಮ ಆಗಲ್ಲ ಆಂಟಿ. ಬೇರೆ ಏನಾದ್ರೂ?”

ಮೊದಲ ವರ್ಷದ ಬಹುಮಾನ, ಕೆಳಗೆ ಯಾವ ನಲ್ಲಿ ಖಾಲಿ ಇದೆ ಎಂದು ಫೋನಿನಲ್ಲಿ ತೋರಿಸುವ ಆ್ಯಪಿಗೆ ಹೋಯಿತು. ಕೆಳಗಿದ್ದದ್ದೇ ಒಂದು ನಲ್ಲಿ. ಮರುವರ್ಷ, ತುಂಬಿದೊಡನೆ ಕಿರುಚಿಕೊಳ್ಳುವ ಬಕೆಟ್. ಬಕೆಟ್ ತುಂಬಿದ್ದು ಕಣ್ಣಿಗೇ ಕಾಣುತ್ತದಲ್ಲ ಎಂದು ಒಬ್ಬ ಪುಣ್ಯಾತ್ಮನೂ ಹೇಳಲಿಲ್ಲ. ಮೂರನೇ ವರ್ಷ ಸೊಂಟಕ್ಕೆ ಬಿಗಿಯುವ ಪಟ್ಟಿ. ನೋಯುವುದು ಭುಜ, ಪಟ್ಟಿ ಸೊಂಟಕ್ಕೆ!

ಹೊಟ್ಟೆ ಉರಿಸುವ ಸಂಗತಿ ಇದಲ್ಲ. ಆ ಮಹಡಿಯಲ್ಲಿ ನಲ್ಲಿ ಇತ್ತು. ಈಗ ಸಂಘದ ಕೋಣೆಯಾಗಿರುವುದು ಮೊದಲು ಪೊರಕೆ, ಬಕೆಟ್ ಇಡುವ ಕೋಣೆ. ಒಂದು ಗೋಡೆಗೆ ನಲ್ಲಿ, ಅದರ ಕೆಳಗೆ ಸಿಮೆಂಟಿನ ತೊಟ್ಟಿ. ನಾಲ್ಕು ವರ್ಷದ ಹಿಂದೆ ಸಂಘ ಈ ಕೋಣೆಗೆ ಬಂದಾಗ, ಐಡಿಯಾ ಬರೆದ ಬಣ್ಣದ ಚೀಟಿಗಳನ್ನು ಅಂಟಿಸಲು ಒಂದು ಇಡೀ ಗೋಡೆ ಬೇಕೆಂದು ತೊಟ್ಟಿ ಒಡೆಸಿ, ಪೈಪಿನ ಬಾಯಿ ಮುಚ್ಚಿಸಿ, ಮೇಲೆ ಗಾರೆ ಮೆತ್ತಿಸಿದರು. ಮಾಡಿಸಿದವರು ಅದೇ ವರ್ಷ ಪಾಸಾಗಿ ಹೋದರು. ಹೊಸಬರಿಗೆ ಕಂಡದ್ದು ಗೋಡೆ ಮಾತ್ರ. ಸಮಸ್ಯೆ ಏನೆಂದು ನಲವತ್ತು ತಂಡ ಕೇಳಿತು. ಯಾವಾಗಿನಿಂದ ಎಂದು ಒಂದೂ ಕೇಳಲಿಲ್ಲ. ಅಕ್ಕನೂ ಬಿಡಿಸಿ ಹೇಳಿರಲಿಲ್ಲ. ಎಲ್ಲ ಗೊತ್ತಿದ್ದೂ ನಾಟಕ ಆಡುತ್ತಿದ್ದಾರೆ ಎಂದೇ ಅವಳು ತಿಳಿದಿದ್ದಳು.

ಈ ವರ್ಷ ಅಧ್ಯಕ್ಷನಾದ ಹುಡುಗ ಎಲ್ಲರನ್ನೂ ಮೀರಿಸಿದ. ಅಂತಿಮ ಸ್ಪರ್ಧೆಗೆ ಅವಳನ್ನೇ ವಿಶೇಷ ಅತಿಥಿ ಎಂದು ಕರೆದ. ಅಕ್ಕ ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಳು. ವೇದಿಕೆಯ ಮೇಲೆ ಮೂರು ಮರದ ಮೆಟ್ಟಿಲು, ಅದನ್ನು ಹತ್ತಬೇಕಾದ ಮೋಟಾರಿನ ಬಕೆಟ್. ಅದು ಗುರ್ರೆನ್ನುತ್ತ ಎರಡು ಮೆಟ್ಟಿಲು ಹತ್ತಿತು. ಮೂರನೆಯದರಲ್ಲಿ ಮಗುಚಿಕೊಂಡು ವೇದಿಕೆಯೆಲ್ಲ ನೀರು ಮಾಡಿತು. ಸಭೆ ಗೊಳ್ಳೆಂದಿತು.

“ಬಿದ್ದರೇನಂತೆ? ಬೀಳೋದೇ ಕಲಿಕೆ!” ಎಂದು ಅಧ್ಯಕ್ಷ ಮೈಕಿನಲ್ಲಿ ಕೂಗಿ ಚಪ್ಪಾಳೆ ಹೊಡೆಸಿದ. ಆಮೇಲೆ ಮೈಕು ಪಕ್ಕಕ್ಕೆ ಹಿಡಿದು, ಅವಳತ್ತ ಬಗ್ಗಿ, “ಆಂಟಿ, ಬೇಗ ಸ್ವಲ್ಪ ಒರೆಸಿಬಿಡ್ತೀರಾ?” ಎಂದ.

ಅಕ್ಕನ ಪಿತ್ತ ನೆತ್ತಿಗೇರಿತು. ಎದ್ದು ಹೋಗಿ ಮೈಕು ಕಿತ್ತುಕೊಂಡಳು.

“ಅತಿಥಿ ಅಂತ ಕರೆದು ನೆಲ ಒರೆಸು ಅಂತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ? ನೀವು ಚೀಟಿ ಅಂಟಿಸ್ತೀರಲ್ಲ, ಆ ಗೋಡೆ ಒಳಗೆ ನೀರಿದೆ ಕಣ್ರೋ. ನನ್ನ ನಲ್ಲಿ ಕಿತ್ತು ಹಾಕಿದ್ದೇ ನಿಮ್ಮ ಸಂಘ. ಕಿತ್ತವರೇ ಬಂದು, ನಿಂಗೇನಮ್ಮಾ ಕಷ್ಟ ಅಂತ ಕೇಳ್ತೀರಿ, ಬರ್ಕೊತೀರಿ, ಬಹುಮಾನ ಹೊಡ್ಕೊಂಡು ಹೋಗ್ತೀರಿ. ನಿಮ್ಮ ಬಹುಮಾನದ ಮನೆ ಹಾಳಾಗ! ನನ್ನ ಭುಜ ಹೋಯ್ತು. ನಾಳೆಯಿಂದ ನಿಮ್ಮ ಮಹಡಿಗೆ ಒಂದು ಚೊಂಬು ನೀರೂ ನಾನು ಹೊರಲ್ಲ.”

ತೀರ್ಪುಗಾರರಲ್ಲಿ ಹಿರಿಯರೊಬ್ಬರು ಎದ್ದು ನಿಂತು, “ಅದ್ಭುತ! ಬಳಕೆದಾರರು ಅಂದ್ರೆ ಹೀಗೆ ಮನಸ್ಸು ಬಿಚ್ಚಿ ಮಾತಾಡ್ಬೇಕು!” ಎಂದು ಚಪ್ಪಾಳೆ ತಟ್ಟಿದರು. ಇಡೀ ಸಭೆ ಎದ್ದು ತಟ್ಟಿತು. ಬೈದರೂ ಚಪ್ಪಾಳೆ ತಟ್ಟುವ ಜನಕ್ಕೆ ಇನ್ನೇನೆಂದು ಬೈಯುವುದು? ಬಹುಮಾನ ಆ ಮಗುಚಿದ ಬಕೆಟ್ಟಿಗೇ ಹೋಯಿತು.

ಮರುದಿನ ಸೂಪರ್‌ವೈಸರ್ ಕೆಂಡವಾಗಿ ಬಂದ. “ಏನಮ್ಮಾ, ಕೆಲಸ ಬೇಕಾ, ಬೇಡ್ವಾ?”

“ಬೇಕು ಸಾರ್. ಕೈಯೂ ಬೇಕು. ಕೆಳಗಿನದೆಲ್ಲ ಕನ್ನಡಿ ಹಾಗೆ ಒರೆಸ್ತೀನಿ. ಮೂರನೇದಕ್ಕೆ ಅವರ ಬಕೆಟ್ಟೇ ನೀರು ಹೊತ್ಕೊಂಡು ಹೋಗ್ಲಿ.”

ಬೇರೆ ಯಾರನ್ನಾದರೂ ಕಳಿಸೋಣವೆಂದರೆ ಉಳಿದ ಐವರೂ ನಮ್ಮ ಭುಜ ಏನು ಕಬ್ಬಿಣದ್ದಾ ಎಂದು ಕೂತುಬಿಟ್ಟರು. ಸೂಪರ್‌ವೈಸರ್ ಹಲ್ಲು ಕಡಿಯುತ್ತ ವಾಪಸ್ ಹೋದ. ಎಂಟು ದಿನದಲ್ಲಿ ಸಂಘದ ನೆಲಕ್ಕೆ ಚಪ್ಪಲಿ ಅಂಟತೊಡಗಿತು. ಚೆಲ್ಲಿದ ಕಾಫಿಗೆ ಇರುವೆ ಮುತ್ತಿ, ಕುರ್ಚಿ, ಲ್ಯಾಪ್‌ಟಾಪ್ ಎನ್ನದೆ ಹರಿದಾಡಿದವು. ಅಷ್ಟರಲ್ಲಿ ಹೊರಗಿನಿಂದ ಯಾರೋ ದೊಡ್ಡ ಮನುಷ್ಯರು ಕೋಣೆ ನೋಡಲು ಬರುವವರಿದ್ದರು. ಒಂಬತ್ತನೇ ದಿನ ಪ್ಲಂಬರ್ ಬಂದ. ಚೀಟಿ ಕಿತ್ತು, ಗಾರೆ ಕೆತ್ತಿ, ಪೈಪಿನ ಬಾಯಿ ಬಿಚ್ಚಿ, ನಲ್ಲಿ ಕೂರಿಸಿ ಹೋದ. ಎಲ್ಲ ಸೇರಿ ಎರಡು ಗಂಟೆಯ ಕೆಲಸ.

ಅಕ್ಕ ನಲ್ಲಿ ತಿರುಗಿಸಿದಳು. ನೀರು ಬಂತು. ಖುಷಿಯಾಗಬೇಕಿತ್ತು, ಆಗಲಿಲ್ಲ, ಎರಡು ಗಂಟೆಯ ಕೆಲಸಕ್ಕೆ ನಾಲ್ಕು ವರ್ಷ ಎಂದು ಅವಳ ರಕ್ತ ಕುದಿಯಿತು.

ಮರುದಿನ ಬೆಳಗ್ಗೆ ನೋಡಿದರೆ ನಲ್ಲಿಯ ಮೇಲೆ ಗಾಜಿನ ಚೌಕಟ್ಟಿನ ಫಲಕ. ಮೈಕು ಹಿಡಿದು ಬಾಯಿ ತೆರೆದ ಅವಳದೇ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ: ‘ಸಮಸ್ಯೆ: ಬಕೆಟ್ ಆಂಟಿ. ಪರಿಹಾರ: ನಮ್ಮ ಸಂಘ.’

“ಹೇಗಿದೆ ಆಂಟಿ?” ಎಂದು ಫಲಕದ ಕೆಳಗೇ ನಿಂತಿದ್ದ ಅಧ್ಯಕ್ಷ ಹಲ್ಲು ಬಿಟ್ಟ. ಬಂದಿದ್ದ ದೊಡ್ಡ ಮನುಷ್ಯರು ಅವನ ಬೆನ್ನ ಹಿಂದೆಯೇ ನಿಂತಿದ್ದರು.

ಅಕ್ಕ ಒಂದೊಂದೇ ಅಕ್ಷರ ಓದಿಕೊಂಡಳು. ನೆಲ ಒರೆಸಿದ ಬಟ್ಟೆಯನ್ನು ಬಕೆಟ್ಟಿನಿಂದೆತ್ತಿ, ಹಿಂಡದೆ ಹಾಗೆಯೇ ಫಲಕದ ಮೇಲೆ ಹಾಕಲು ಹೋದಳು. ಬಲಗೈ ಅಷ್ಟೆತ್ತರ ಏಳಲಿಲ್ಲ. ಎಡಗೈಗೆ ತೆಗೆದುಕೊಂಡು ಹರಡಿದಳು. ಕೊಳೆನೀರು ಫೋಟೋದ ಮೇಲಿಂದ ಇಳಿದು, ದಪ್ಪಕ್ಷರ ದಾಟಿ, ಅಧ್ಯಕ್ಷನ ಬಿಳಿ ಬೂಟಿನ ಮೇಲೆ ತೊಟ್ಟಿಕ್ಕಿತು.

“ಒರೆಸ್ಕೋ,” ಎಂದಳು ಅಕ್ಕ. “ನೀರು ಇಲ್ಲೇ ಇದೆ.”